ಮೊದಲು ನೀರು, ಆಮೇಲೆ ಕುದುರೆಶಕ್ತಿ: ಹಳೆಯ ಲೋಟಸ್ ಎಲೀಸ್ ಇಟ್ಟುಕೊಂಡ ಅನುಭವ

ಬ್ರಿಟನ್ನಿನ ಎರಡು ಸೀಟಿನ ಸ್ಪೋರ್ಟ್ಸ್ ಕಾರಾದ ಲೋಟಸ್ ಎಲೀಸ್‌ನ ಮೊದಲ ತಲೆಮಾರಿನದನ್ನು ಕೊಂಡವರು ಮೊದಲು ವಿಚಾರಿಸುವುದು ಎಂಜಿನ್ ಪವರ್ ಎಷ್ಟು ಏರಿಸಬಹುದು ಅಂತ. ವಿಚಾರಿಸಬೇಕಾದದ್ದು ರೇಡಿಯೇಟರ್ ಯಾವ ಕಾಲದ್ದು ಅಂತ.

ಇಂಗ್ಲೆಂಡಿನ ನಾರ್ಫೋಕ್‌ನ ಹೆಥೆಲ್ ಕಾರ್ಖಾನೆಯಲ್ಲಿ 1996ರಿಂದ ತಯಾರಾದ ಕಾರು ಇದು. ಷಾಸಿ, ಅಂದರೆ ಕಾರಿನ ಅಸ್ಥಿಪಂಜರ, ಅದೊಂದೇ ಆದರೆ ಸುಮಾರು 68 ಕಿಲೋ. ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್‌ಗಳನ್ನು (ಅಚ್ಚಿನಿಂದ ತಳ್ಳಿ ಮಾಡಿದ ಪಟ್ಟಿಗಳನ್ನು) ಎಪಾಕ್ಸಿ ಅಂಟಿನಿಂದ ಜೋಡಿಸಿದ್ದು, ವೆಲ್ಡಿಂಗ್ ಅಲ್ಲ. ಸೀಟುಗಳ ಹಿಂದೆ ಅಡ್ಡವಾಗಿ ಕೂತಿರುವುದು 1796 ಸಿಸಿಯ ರೋವರ್ ಕೆ-ಸೀರೀಸ್ ಎಂಜಿನ್, 118 ಬಿಎಚ್‌ಪಿ (ಕುದುರೆಶಕ್ತಿ). ಇಡೀ ಕಾರಿನ ತೂಕ 700 ಕಿಲೋ ದಾಟಿ ಸ್ವಲ್ಪ ಮೇಲೆ, ಅಂದರೆ ನಮ್ಮ ಮಾರುತಿ 800ಕ್ಕಿಂತ ಚೂರು ಜಾಸ್ತಿ. ಇಷ್ಟು ಹಗುರ ಕಾರಿಗೆ 118 ಸಾಲದು ಅನ್ನುವವರು ಇನ್ನೂ ಆ ಕಾರನ್ನು ಸರಿಯಾದ ಟೈರು, ಸರಿಯಾದ ಅಲೈನ್‌ಮೆಂಟ್‌ನಲ್ಲಿ ಓಡಿಸಿಲ್ಲ ಎಂಬುದು ನನ್ನ ಲೆಕ್ಕ. ಊರಿಗೆ ತರಬಹುದಾ ಎಂದು ಕೇಳುವವರಿಗೆ: ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಆಮದು ಮಾಡಲು ಭಾರತದ ನಿಯಮ ಬಿಡುವುದಿಲ್ಲ, ವಿಂಟೇಜ್ ಅನ್ನಿಸಿಕೊಳ್ಳುವ ವಯಸ್ಸೂ ಇದಕ್ಕೆ ಆಗಿಲ್ಲ. ಹಾಗಾಗಿ ಇದು ಬ್ರಿಟನ್ನಿನಲ್ಲಿದ್ದು ಇಟ್ಟುಕೊಳ್ಳುವವರ ಮಾತು. ಅಲ್ಲೂ ಲಂಡನ್ ಒಳಗಿರುವವರು ಒಂದು ಲೆಕ್ಕ ಹಾಕಿಕೊಳ್ಳಬೇಕು. ಹೊಗೆ ಕಡಿಮೆ ಮಾಡಲೆಂದು ಅಲ್ಲಿರುವ ಯೂಲೆಜ್ ನಿಯಮದ ಯೂರೋ 4 ಮಟ್ಟ (ಯೂರೋಪಿನ ಹೊಗೆ ಮಾನದಂಡ) ಈ ಕಾರಿಗೆ ಎಟುಕುವುದಿಲ್ಲ. ರಸ್ತೆಗೆ ಇಳಿಸಿದ ದಿನವೆಲ್ಲ 12.50 ಪೌಂಡ್ ಕಟ್ಟಬೇಕು.

ಕೊಳ್ಳುವಾಗ ಎಂಜಿನ್‌ಗಿಂತ ಮೊದಲು ನೋಡಬೇಕಾದ್ದು ಷಾಸಿ. ಫೈಬರ್ ಬಾಡಿ ಒಡೆದರೆ ತೇಪೆ ಹಾಕಬಹುದು. ಅಂಟಿಸಿದ ಷಾಸಿ ಬಾಗಿದರೆ ಕಾಯಿಸಿ ನೆಟ್ಟಗೆ ಮಾಡುವ ಹಾಗಿಲ್ಲ, ವೆಲ್ಡ್ ಮಾಡುವ ಹಾಗೂ ಇಲ್ಲ, ಬೇರೆ ಷಾಸಿಯೇ ಗತಿ. ಆದ್ದರಿಂದ ಕೆಳಗಿನ ಅಂಡರ್‌ಟ್ರೇ (ತಳ ಮುಚ್ಚುವ ಹಾಳೆ) ಬಿಚ್ಚಿಸಿ, ವಿಶ್‌ಬೋನ್ (ಚಕ್ರವನ್ನು ಷಾಸಿಗೆ ಜೋಡಿಸುವ ತೋಳು) ಹಿಡಿದಿರುವ ಜಾಗಗಳ ಸುತ್ತ ಸುಕ್ಕು, ಬಿರುಕು, ಅಂಟಿನ ಗೆರೆ ಬಿಟ್ಟುಕೊಂಡ ಗುರುತು ಇವೆಯೇ ನೋಡಬೇಕು. ತಪ್ಪು ಜಾಗಕ್ಕೆ ಜಾಕ್ ಕೊಟ್ಟು ತಳದ ಹಾಳೆ ತಗ್ಗಾಗಿಸಿದ ಕಾರುಗಳು ಬೇಕಾದಷ್ಟಿವೆ. ಒಳಗೆ ಕಾರ್ಪೆಟ್ ಎತ್ತಿ ಕೈಯಾಡಿಸಿ. ಛಾವಣಿಯ ಬಟ್ಟೆಯಿಂದ ಸೋರಿದ ನೀರು ಒಳಗೆ ನಿಂತರೆ, ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂಗೆ ತಾಗುವ ಕಡೆಯೆಲ್ಲ ಬಿಳಿ ಪುಡಿ ಏಳುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಸೇರಿದರೆ ಕೊರೆತ ಇನ್ನೂ ಜೋರು. ಬಿಚ್ಚಿದ ಬೋಲ್ಟ್ ಮತ್ತೆ ಹಾಕುವಾಗ ಕಾಪರ್ ಗ್ರೀಸ್ ಬೇಡ, ತಾಮ್ರ ಅಲ್ಯೂಮಿನಿಯಂನ ವೈರಿ. ಎರಡು ಲೋಹಗಳ ನಡುವೆ ಹಚ್ಚಲೆಂದೇ ಸಿಗುವ ಡ್ಯುರಾಲಾಕ್ ಥರದ ಪೇಸ್ಟ್ ಬಳಸಿ.

ಈಗ ನೀರಿನ ವಿಷಯ. ಕೆ-ಸೀರೀಸ್ ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೈಯಾದ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲು) ಹೋಗುವ ಎಂಜಿನ್ ಎಂಬ ಕೆಟ್ಟ ಹೆಸರು ಇದೆಯಲ್ಲ, ಅದರ ಮೂಲ ಬಹುಪಾಲು ಕೂಲಿಂಗ್ ವ್ಯವಸ್ಥೆಯಲ್ಲಿದೆ. ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಇರುವುದು ಎಂಜಿನ್‌ಗೆ ತಣ್ಣೀರು ಬರುವ ಬದಿಯಲ್ಲಿ. ರೇಡಿಯೇಟರ್ ಮೂತಿಯಲ್ಲಿ, ಎಂಜಿನ್ ಬೆನ್ನ ಹಿಂದೆ, ನಡುವೆ ಉದ್ದುದ್ದ ಪೈಪು. ಥರ್ಮೋಸ್ಟಾಟ್ ತೆರೆದ ಕೂಡಲೇ ಆ ಪೈಪಿನಲ್ಲಿದ್ದ ತಣ್ಣನೆಯ ನೀರೆಲ್ಲ ಒಮ್ಮೆಗೇ ಬಿಸಿ ಬ್ಲಾಕ್‌ಗೆ ನುಗ್ಗುತ್ತದೆ, ಥರ್ಮೋಸ್ಟಾಟ್ ಮುಚ್ಚಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ತೆರೆಯುತ್ತದೆ. ಪ್ರತಿ ಸಲವೂ ಹೆಡ್ ಮತ್ತು ಬ್ಲಾಕ್ ಹಿಗ್ಗಿ ಕುಗ್ಗುತ್ತವೆ. ಮೊದಮೊದಲ ಎಂಜಿನ್‌ಗಳಲ್ಲಿ ಹೆಡ್ಡನ್ನು ಜಾಗಕ್ಕೆ ಕೂರಿಸುವ ಡವೆಲ್‌ಗಳು (ಸಣ್ಣ ಗೂಟಗಳು) ಪ್ಲಾಸ್ಟಿಕ್‌ನವು. ಈ ಅಲುಗಾಟವನ್ನು ತಡೆಯುವ ಗಟ್ಟಿತನ ಅವಕ್ಕಿಲ್ಲ. ಕೊನೆಗೆ ಗ್ಯಾಸ್ಕೆಟ್ ಮೇಲಿನ ರಬ್ಬರ್ ಗೆರೆ ಕಿತ್ತುಬರುತ್ತದೆ.

ಇದಕ್ಕೆ ನಾನು ಮಾಡಿದ ಮೊದಲ ಕೆಲಸ, ರೇಡಿಯೇಟರ್ ಬದಲು. ಮೂಲ ರೇಡಿಯೇಟರ್‌ನಲ್ಲಿ ಅಲ್ಯೂಮಿನಿಯಂ ಕೋರ್‌ಗೆ ಪ್ಲಾಸ್ಟಿಕ್ ತೊಟ್ಟಿಯನ್ನು ಮಡಿಚಿ ಹಿಡಿಸಿರುತ್ತಾರೆ, ಆ ಮಡಿಕೆಯಲ್ಲೇ ಸೋರುತ್ತದೆ. ಪೂರ್ತಿ ಅಲ್ಯೂಮಿನಿಯಂನದು ಹಾಕಿದರೆ ಆ ತಲೆನೋವು ಮುಗಿಯಿತು. ಮುಂದಿನ ಕ್ಲ್ಯಾಮ್‌ಶೆಲ್, ಅಂದರೆ ಇಡೀ ಮೂತಿಯ ಫೈಬರ್ ತುಂಡು, ಬಿಚ್ಚಲೇಬೇಕು. ಹಿಡಿಯಲು ಇಬ್ಬರು ಬೇಕು. ಅದು ಹೊರಗಿರುವಾಗಲೇ ಫ್ಯಾನ್, ಹೀಟರ್ ಹೋಸ್, ಹಾರ್ನ್, ಅಲ್ಲಿರುವ ಅರ್ಥ್ ವೈರು ಎಲ್ಲ ಮುಗಿಸಿಕೊಳ್ಳಿ. ಎರಡನೇ ಸಲ ಬಿಚ್ಚುವ ಕೆಲಸ ಅಲ್ಲ. ಎರಡನೆಯದು ಥರ್ಮೋಸ್ಟಾಟ್. ಲ್ಯಾಂಡ್ ರೋವರ್ ಫ್ರೀಲ್ಯಾಂಡರ್‌ಗೂ ಆಮೇಲೆ ಎಂಜಿ ಟಿಎಫ್‌ಗೂ ಬಂದ ಒತ್ತಡಕ್ಕೆ ಸ್ಪಂದಿಸುವ ರಿಮೋಟ್ ಥರ್ಮೋಸ್ಟಾಟ್ ಇದೆ. ಅದನ್ನು ಎಂಜಿನ್‌ನಿಂದ ಆಚೆ ಪೈಪಿನ ನಡುವೆ ಕೂರಿಸಿ, ಹಳೆಯ ಜಾಗದ ಥರ್ಮೋಸ್ಟಾಟ್ ತೆಗೆದುಬಿಡಬೇಕು. ಬಿಸಿನೀರು ತಣ್ಣೀರು ಬೆರೆತು ಒಳಗೆ ಹೋಗುವುದರಿಂದ ಡ್ಯಾಷ್‌ಬೋರ್ಡಿನ ಅಂಕಿ ಮೇಲೆ ಕೆಳಗೆ ಕುಣಿಯುವುದು ನಿಲ್ಲುತ್ತದೆ. ಡ್ಯಾಷ್‌ಬೋರ್ಡಿನಲ್ಲಿರುವ ಸ್ಟ್ಯಾಕ್ ಕಂಪನಿಯ ಮೀಟರ್ ನೀರಿನ ಡಿಗ್ರಿಯನ್ನು ಅಂಕಿಯಲ್ಲೇ ತೋರಿಸುವುದರಿಂದ ವ್ಯತ್ಯಾಸ ಮೊದಲ ಓಟದಲ್ಲೇ ಕಾಣುತ್ತದೆ.

ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಓಎಟಿ (ಆರ್ಗ್ಯಾನಿಕ್ ಆಸಿಡ್) ಜಾತಿಯದು, ಅರ್ಧ ಕೂಲಂಟ್ ಅರ್ಧ ಡಿಸ್ಟಿಲ್ಡ್ ನೀರು. ಹಳೆಯ ನೀಲಿ ಬಣ್ಣದ್ದು ಒಳಗಿದ್ದರೆ ಬೆರೆಸಬೇಡಿ, ಪೂರ್ತಿ ತೊಳೆದು ಹಾಕಿ. ತುಂಬುವಾಗ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಬದಿಯ ಮತ್ತು ಎಂಜಿನ್ ಬದಿಯ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ತಿರುಪು) ಎರಡರಿಂದಲೂ ಗುಳ್ಳೆಯಿಲ್ಲದ ನೀರು ಬರುವವರೆಗೆ ಬಿಡಬೇಕು. ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಏರ್ ಲಾಕ್ (ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ) ಇದೆ ಎಂದೇ ಅರ್ಥ. ಅದೇ ಸ್ಥಿತಿಯಲ್ಲಿ ಓಡಿಸಿದರೆ ಹೊಸ ಗ್ಯಾಸ್ಕೆಟ್ಟೂ ಉಳಿಯುವುದಿಲ್ಲ.

ನೀರು ಕಡಿಮೆಯಾಗುತ್ತಿದೆ, ನೆಲದಲ್ಲಿ ಹನಿ ಕಾಣುತ್ತಿಲ್ಲ ಅಂದರೆ ತಕ್ಷಣ ಹೆಡ್ ಇಳಿಸಲು ಹೋಗಬೇಡಿ. ಎಂಜಿನ್‌ಗೆ ಗಾಳಿ ಒಯ್ಯುವ ಪ್ಲಾಸ್ಟಿಕ್ ಇನ್‌ಲೆಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಗಟ್ಟಿಯಾಗಿ ಸೋರುವುದು ಬಹಳ ಸಾಮಾನ್ಯ. ಸೋರಿದ್ದು ಬಿಸಿ ಬ್ಲಾಕ್ ಮೇಲೆ ಆರಿಹೋಗುವುದರಿಂದ ಗುರುತೇ ಸಿಗುವುದಿಲ್ಲ. ಹಸಿರು ಬಣ್ಣದ ವೈಟಾನ್ (ಬಿಸಿ ತಾಳುವ ರಬ್ಬರ್) ಗ್ಯಾಸ್ಕೆಟ್ ತಂದು ಹಾಕಿ, ನಟ್‌ಗಳಿಗೆ 17 ನ್ಯೂಟನ್ ಮೀಟರ್ ಬಿಗಿತ ಸಾಕು. ಅಲ್ಲಿಗೂ ನಿಲ್ಲದಿದ್ದರೆ ಕೂಲಂಟ್ ತುಂಬುವ ಎಕ್ಸ್‌ಪಾನ್ಷನ್ ಟ್ಯಾಂಕ್ ಬಾಯಿಗೆ ಬ್ಲಾಕ್ ಟೆಸ್ಟರ್ (ಹೊಗೆ ಪತ್ತೆ ಮಾಡುವ ದ್ರವದ ಕೊಳವೆ) ಇಟ್ಟು ನೋಡಿ. ನೀಲಿ ದ್ರವ ಹಳದಿಯಾದರೆ ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದೆ. ಆಗ ಹೆಡ್ ಇಳಿಸಲೇಬೇಕು.

ಈ ಎಂಜಿನ್‌ನ ರಚನೆ ತಿಳಿಯದೆ ಸ್ಪ್ಯಾನರ್ ಹಿಡಿದರೆ ಕಷ್ಟ. ಹತ್ತು ಉದ್ದನೆಯ ಬೋಲ್ಟ್‌ಗಳು ಹೆಡ್, ಬ್ಲಾಕ್, ಅದರಡಿಯ ಬೇರಿಂಗ್ ಲ್ಯಾಡರ್ ಎಂಬ ಚೌಕಟ್ಟು ಎಲ್ಲವನ್ನೂ ತೂರಿ ಕೆಳಗಿನ ಆಯಿಲ್ ರೈಲ್ ಎಂಬ ಪಟ್ಟಿಗೆ ಹೋಗಿ ಕಚ್ಚಿಕೊಳ್ಳುತ್ತವೆ. ಇಡೀ ಎಂಜಿನ್ ಈ ಹತ್ತು ಬೋಲ್ಟ್‌ಗಳ ಬಿಗಿತದಲ್ಲೇ ಒಂದಾಗಿ ನಿಂತಿದೆ. ಪಿಸ್ಟನ್ ಓಡಾಡುವ ಕೊಳವೆಗಳಾದ ಲೈನರ್‌ಗಳು ವೆಟ್ ಲೈನರ್, ಅಂದರೆ ಹೊರಮೈಗೆ ನೇರ ನೀರು ತಾಗುವಂಥವು. ಮೇಲಿಂದ ಹೆಡ್ ಒತ್ತಿರುವುದರಿಂದಷ್ಟೇ ಜಾಗದಲ್ಲಿವೆ. ಹೆಡ್ ತೆಗೆದ ಮೇಲೆ ಕ್ರ್ಯಾಂಕ್ (ಪಿಸ್ಟನ್‌ಗಳಿಗೆ ಜೋಡಿಸಿದ ತಿರುಗುವ ದಂಡ) ತಿರುಗಿಸಿದರೆ ಪಿಸ್ಟನ್ ಜೊತೆ ಲೈನರ್ ಎದ್ದು ಬಂದು ಬುಡದ ಸೀಲಂಟ್ ಬಿಡುತ್ತದೆ, ನೀರು ನೇರ ಸಂಪ್‌ಗೆ (ತಳದ ಎಣ್ಣೆ ತೊಟ್ಟಿಗೆ) ಇಳಿಯುತ್ತದೆ. ಆದ್ದರಿಂದ ಬಿಚ್ಚುವ ಮೊದಲೇ ಕ್ರ್ಯಾಂಕ್ ಮತ್ತು ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹೊಂದಿಸುವ ಟೈಮಿಂಗ್ ಗುರುತುಗಳನ್ನು ಕೂಡಿಸಿ ನಿಲ್ಲಿಸಿ. ಕೆ-ಸೀರೀಸ್‌ನಲ್ಲಿ ಆ ಗುರುತು ಟಿಡಿಸಿಗೆ (ಪಿಸ್ಟನ್ ಮೇಲ್ತುದಿ ಮುಟ್ಟುವ ಸ್ಥಾನಕ್ಕೆ) 90 ಡಿಗ್ರಿ ಹಿಂದಿದೆ. ನಾಲ್ಕೂ ಪಿಸ್ಟನ್ ನಡುಮಟ್ಟದಲ್ಲಿರುತ್ತವೆ, ವಾಲ್ವ್‌ಗೆ ತಾಗುವ ಭಯವಿಲ್ಲ. ಬೋಲ್ಟ್ ಸಡಿಲಿಸುವುದು ಹೊರಗಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವೇ. ಹೆಡ್ ನೇರ ಮೇಲಕ್ಕೆ ಎತ್ತಬೇಡಿ, ಹಿಂದೆ ಮುಂದೆ ವಾಲಾಡಿಸಿ ಬಿಡಿಸಿಕೊಂಡು ಆಮೇಲೆ ಎತ್ತಿ. ಎತ್ತಿದ ಕೂಡಲೇ ಲೈನರ್‌ಗಳ ಮೇಲೆ ಕ್ಲಾಂಪ್ ಹಾಕಿ.

ನಿಜವಾದ ಕೆಲಸ ಶುರುವಾಗುವುದು ಇಲ್ಲಿ, ಹೆಚ್ಚಿನ ಗ್ಯಾರೇಜುಗಳು ಬಿಟ್ಟುಬಿಡುವುದೂ ಇದನ್ನೇ. ಲೈನರ್ ತುದಿ ಬ್ಲಾಕ್ ಮುಖಕ್ಕಿಂತ ಮೇಲೆ ಚಾಚಿರಬೇಕು. ಮುಖ ಶುಚಿ ಮಾಡಿ, ಡಯಲ್ ಗೇಜ್ ಇಟ್ಟು ಒಂದೊಂದು ಲೈನರ್‌ಗೂ ನಾಲ್ಕು ಕಡೆ ಅಳೆದು ಬರೆದುಕೊಳ್ಳಿ. ನಾನು ಒಪ್ಪುವುದು 0.05ರಿಂದ 0.10 ಮಿ.ಮೀ.; 0.10ರ ಹತ್ತಿರ ಇದ್ದಷ್ಟೂ ಒಳ್ಳೆಯದು. ಸಮಮಟ್ಟ ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದರೆ ಯಾವ ದುಬಾರಿ ಗ್ಯಾಸ್ಕೆಟ್ಟೂ ಅದನ್ನು ಉಳಿಸುವುದಿಲ್ಲ. ಲೈನರ್ ಕೂರುವ ಮೆಟ್ಟಿಲನ್ನು ಮಷೀನ್ ಶಾಪ್‌ನಲ್ಲಿ ಸರಿ ಮಾಡಿಸಬೇಕು ಅಥವಾ ಬ್ಲಾಕ್ ಬದಲಿಸಬೇಕು. ‘ಹೆಡ್ ಗ್ಯಾಸ್ಕೆಟ್ ಮಾಡಿಸಿದೆ’ ಎಂಬ ಬಿಲ್ಲಿನಲ್ಲಿ ಈ ಅಳತೆ ಇಲ್ಲದಿದ್ದರೆ ಆ ಬಿಲ್ಲಿಗೆ ನಾನು ಬೆಲೆ ಕೊಡುವುದಿಲ್ಲ.

ಹೆಡ್ಡನ್ನೂ ಪರೀಕ್ಷಿಸಬೇಕು. ಸೊಟ್ಟಗಿದ್ದರೆ ಮುಖ ತೆಗೆಸಬಹುದು (ಮಷೀನ್‌ನಲ್ಲಿ ತೆಳುವಾಗಿ ಹೆರೆಸಿ ಸಪಾಟು ಮಾಡಿಸಬಹುದು), ಒಟ್ಟು 0.20 ಮಿ.ಮೀ. ಮೀರಬಾರದು. ಒಮ್ಮೆ ಚೆನ್ನಾಗಿ ಕಾದ ಹೆಡ್ ಮೆತ್ತಗಾಗಿರುತ್ತದೆ, ಗ್ಯಾಸ್ಕೆಟ್ಟಿನ ಫೈರ್ ರಿಂಗ್ (ಸಿಲಿಂಡರ್ ಸುತ್ತಲಿನ ಲೋಹದ ಬಳೆ) ಅದರೊಳಗೆ ಹೂತು ತಗ್ಗು ಬೀಳುತ್ತದೆ. ಮಷೀನ್ ಶಾಪ್‌ನಲ್ಲಿ ಹಾರ್ಡ್‌ನೆಸ್ ಟೆಸ್ಟ್ ಕೇಳಿ. ಮೆತ್ತಗಿದ್ದರೆ ಮುಖ ತೆಗೆಸಲು ಕೊಡುವ ದುಡ್ಡು ದಂಡ, ಬೇರೆ ಹೆಡ್ ಹುಡುಕಿ.

ಹಾಕುವಾಗ ನಾನು ಬಳಸಿದ್ದು ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್, ಅದರ ಜೊತೆ ಬರುವ ತೆಳು ಷಿಮ್ (ಲೋಹದ ಹಾಳೆ), ಸ್ಟೀಲ್ ಡವೆಲ್, ಹೊಸ ಬೋಲ್ಟ್ ಹತ್ತು, ಸಂಪ್ ಇಳಿಸಿ ಕೆಳಗೆ ಬಲಪಡಿಸಿದ ಆಯಿಲ್ ರೈಲ್. ಹಳೆಯ ರೈಲ್‌ನ ಎಳೆಗಳು ಸವೆದಿದ್ದರೆ ಬೋಲ್ಟ್ ಬಿಗಿಯಾದಂತೆ ತೋರಿ ಬಿಗಿಯಾಗಿರುವುದಿಲ್ಲ. ಬೋಲ್ಟ್‌ಗಳನ್ನು ರಂಧ್ರಕ್ಕೆ ಬೀಳಿಸಬೇಡಿ, ಕೆಳಗಿನ ಮೊದಲ ಎಳೆ ನುಗ್ಗಾಗುತ್ತದೆ. ಎಳೆಗೂ ತಲೆಯಡಿಗೂ ಎಣ್ಣೆ ಸವರಿ ಕೈಯಲ್ಲೇ ಇಳಿಸಿ. ನಡುವಿನಿಂದ ಸುರುಳಿಯಾಗಿ ಹೊರಕ್ಕೆ ಹೋಗುತ್ತ 20 ನ್ಯೂಟನ್ ಮೀಟರ್. ತಲೆಗಳ ಮೇಲೆ ಬಣ್ಣದ ಗುರುತು ಹಾಕಿ, ಅದೇ ಕ್ರಮದಲ್ಲಿ 180 ಡಿಗ್ರಿ, ಇನ್ನೊಂದು ಸುತ್ತಿನಲ್ಲಿ ಮತ್ತೆ 180. ಗುರುತು ಎಲ್ಲ ಮೊದಲಿದ್ದ ದಿಕ್ಕಿಗೇ ಬಂದು ನಿಲ್ಲಬೇಕು. ವಾಟರ್ ಪಂಪ್ ತಿರುಗುವುದು ಟೈಮಿಂಗ್ ಬೆಲ್ಟ್‌ನಿಂದಲೇ, ಆದ್ದರಿಂದ ಬೆಲ್ಟ್, ಟೆನ್ಷನರ್, ಪಂಪ್ ಮೂರನ್ನೂ ಒಟ್ಟಿಗೇ ಹೊಸದು ಮಾಡಿ. ಕಾರು ಎಷ್ಟು ಕಡಿಮೆ ಓಡಿದರೂ ಬೆಲ್ಟನ್ನು ನಾಲ್ಕು ವರ್ಷಕ್ಕಿಂತ ಇಟ್ಟುಕೊಳ್ಳಬೇಡಿ.

ಸಸ್ಪೆನ್ಷನ್ ವಿಷಯಕ್ಕೆ ಬಂದರೆ ದುಡ್ಡು ಮೊದಲು ಹೋಗಬೇಕಾದ್ದು ಶಾಕ್ ಅಬ್ಸಾರ್ಬರ್‌ಗೆ ಅಲ್ಲ, ಹಿಂದಿನ ಟೋ ಲಿಂಕ್‌ಗೆ. ಹಿಂಚಕ್ರದ ದಿಕ್ಕನ್ನು ಹಿಡಿದಿರುವ ಸಣ್ಣ ಸರಳು ಅದು. ಅದರ ಬಾಲ್ ಜಾಯಿಂಟ್ ತುಂಡಾದರೆ ಹಿಂಚಕ್ರ ತಾನೇ ತಿರುಗಿಕೊಳ್ಳುತ್ತದೆ, ಆಮೇಲೆ ಸ್ಟೀರಿಂಗ್‌ನಿಂದ ಏನೂ ಮಾಡಲಾಗದು. ಅಂಟು ಹಿಡಿತದ ಟೈರು ಹಾಕಿ ಟ್ರ್ಯಾಕ್‌ಗೆ ಹೋಗುವವರು ಎರಡೂ ಬದಿಯಿಂದ ಆಧಾರ ಕೊಡುವ ಕಿಟ್ ಹಾಕಿಸಲೇಬೇಕು. ವಿಶ್‌ಬೋನ್ ಬುಷ್‌ಗಳು ಮೂಲ ರಬ್ಬರಿನವೇ ರಸ್ತೆಗೆ ಸಾಕು. ಅವುಗಳ ಬೋಲ್ಟ್ ಕೊನೆಯ ಬಿಗಿತ ಕೊಡುವುದು ಕಾರು ಚಕ್ರದ ಮೇಲೆ ನಿಂತಿರುವಾಗ ಮಾತ್ರ. ಗಾಳಿಯಲ್ಲಿ ತೂಗುವಾಗಲೇ ಬಿಗಿದರೆ ಇಳಿಸಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಅಲೈನ್‌ಮೆಂಟ್ ಮಾಡಿಸುವಾಗ ಎರಡೂ ಸೀಟಿನಲ್ಲಿ ತಲಾ 75 ಕಿಲೋ ಭಾರ, ಅರ್ಧ ಟ್ಯಾಂಕ್ ಪೆಟ್ರೋಲ್. 700 ಚಿಲ್ಲರೆ ಕಿಲೋ ಕಾರಿನಲ್ಲಿ ಕೂತವರ ತೂಕವೇ ಎತ್ತರ ಬದಲಿಸುತ್ತದೆ. ನನ್ನ ಅಂಕಿಗಳು: ಹಿಂದೆ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮೈನಸ್ 1.8 ಡಿಗ್ರಿ, ಟೋ (ಮೇಲಿನಿಂದ ನೋಡಿದಾಗ ಚಕ್ರದ ಮೂತಿ ತಿರುಗಿರುವ ಅಳತೆ) ಪ್ರತಿ ಬದಿಗೆ 1.2 ಮಿ.ಮೀ. ಒಳಕ್ಕೆ, ಮುಂದೆ ಟೋ ಸೊನ್ನೆ, ಕ್ಯಾಂಬರ್ ಮೈನಸ್ ಅರ್ಧ ಡಿಗ್ರಿ. ಮುಂದಿನ ಕ್ಯಾಂಬರ್ ಬದಲಿಸುವುದು ಷಿಮ್ ತೆಗೆದು, ತಿರುಗಿಸುವ ಅಡ್ಜಸ್ಟರ್ ಇಲ್ಲ. ಇದು ಗೊತ್ತಿಲ್ಲದ ಟೈರ್ ಅಂಗಡಿಗೆ ಹೋಗಬೇಡಿ.

ಟೈರು ಮುಂದೆ 185/55 ಆರ್15, ಹಿಂದೆ 205/50 ಆರ್16. ಮುಂದಿನ ಅಳತೆಯಲ್ಲಿ ಒಳ್ಳೆಯ ಟೈರು ಸಿಗದೆ ಅನೇಕರು 195/50 ಹಾಕುತ್ತಾರೆ. ಹಿಂದಿನದನ್ನು ಹಳೆಯದೇ ಇಟ್ಟು ಮುಂದಕ್ಕೆ ಮಾತ್ರ ಅಗಲದ, ಹೆಚ್ಚು ಹಿಡಿತದ ಟೈರು ಹಾಕಿದರೆ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಹಿಂಭಾಗ ಸುತ್ತುತ್ತದೆ. ನಾಲ್ಕೂ ಒಂದೇ ಕಂಪನಿಯ ಒಂದೇ ಮಾದರಿ, ಒಟ್ಟಿಗೇ. ಗಾಳಿ ಮುಂದೆ 24, ಹಿಂದೆ 27 ಪಿಎಸ್‌ಐ ಆಸುಪಾಸು.

ಮೊದಮೊದಲ ಕಾರುಗಳ ಬ್ರೇಕ್ ಡಿಸ್ಕ್ ಕಬ್ಬಿಣದ್ದಲ್ಲ, ಅಲ್ಯೂಮಿನಿಯಂ ಕಾಂಪೋಸಿಟ್. ತೀರ ಹಗುರ, ರಸ್ತೆಯಲ್ಲಿ ವರ್ಷಗಟ್ಟಲೆ ಬಾಳುತ್ತವೆ. ಆದರೆ ಅದಕ್ಕೆಂದೇ ಮಾಡಿದ ಪ್ಯಾಡ್ ಬಿಟ್ಟು ಸಾಮಾನ್ಯ ಪ್ಯಾಡ್ ಹಾಕಿದರೆ ಡಿಸ್ಕನ್ನೇ ಉಜ್ಜಿ ಹಾಳು ಮಾಡುತ್ತದೆ. ಕಬ್ಬಿಣದ 282 ಮಿ.ಮೀ. ಡಿಸ್ಕ್‌ಗೆ ಬದಲಿಸುವಾಗ ಪ್ಯಾಡ್‌ಗಳೂ ಜೊತೆಗೇ ಬದಲಾಗಬೇಕು. ಬ್ರೇಕ್‌ಗೆ ಸರ್ವೋ (ಕಾಲಿನ ಬಲ ಹೆಚ್ಚಿಸುವ ಸಾಧನ) ಇಲ್ಲ; ಪೆಡಲ್ ಗಟ್ಟಿ ಎನ್ನಿಸಿದರೆ ಅದು ದೋಷವಲ್ಲ, ಮೆತ್ತಗಾದರೆ ಮಾತ್ರ ಫ್ಲೂಯಿಡ್ ನೋಡಿ.

ಇಷ್ಟಾದ ಮೇಲೆ ಪವರ್. ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಪ್ಲಾಸ್ಟಿಕ್ ಥ್ರಾಟಲ್ ಬಾಡಿ ಸೊಟ್ಟಗಾಗಿ ಐಡ್ಲಿಂಗ್ ಏರುಪೇರಾಗುತ್ತದೆ, 52 ಮಿ.ಮೀ. ಅಲ್ಯೂಮಿನಿಯಂನದು ಹಾಕಿದರೆ ಆ ದೋಷವೂ ಹೋಗುತ್ತದೆ, ಉಸಿರಾಟವೂ ಸಲೀಸು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬದಲಿಸಿದರೆ ಮಧ್ಯದ ಆರ್‌ಪಿಎಂ ಚುರುಕಾಗುತ್ತದೆ. ಅದಕ್ಕಿಂತ ಮೇಲೆ ಬೇಕೆಂದರೆ ಹೆಡ್ ಪೋರ್ಟಿಂಗ್ (ಹೆಡ್ಡಿನ ಗಾಳಿದಾರಿ ಹಿಗ್ಗಿಸುವುದು), ಕ್ಯಾಮ್, ಎಮರಾಲ್ಡ್‌ನಂಥ ಮ್ಯಾಪ್ ಮಾಡಬಹುದಾದ (ಪೆಟ್ರೋಲ್ ಮತ್ತು ಕಿಡಿಯ ಲೆಕ್ಕ ಬದಲಿಸಬಹುದಾದ) ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಮೂರೂ ಒಟ್ಟಿಗೆ ಬೇಕು. ಮ್ಯಾಪಿಂಗ್ ಇಲ್ಲದೆ ಕ್ಯಾಮ್ ಮಾತ್ರ ಹಾಕಿದರೆ ಪೆಟ್ರೋಲ್ ಖರ್ಚಷ್ಟೇ ಲಾಭ. ಹೆಡ್ ಹೇಗೂ ಇಳಿಸುವ ದಿನವೇ ಪೋರ್ಟಿಂಗ್ ಮಾಡಿಸಿದರೆ ಕೂಲಿ ಒಂದೇ ಸಲ. ಹೋಂಡಾ ಕೆ20 ಎಂಜಿನ್ ಕೂರಿಸುವವರೂ ಇದ್ದಾರೆ. 200 ಬಿಎಚ್‌ಪಿ ಸುಲಭಕ್ಕೆ ಸಿಗುತ್ತದೆ, ಆದರೆ ಭಾರ ಸೇರುವುದು ಹಿಂಭಾಗಕ್ಕೆ, ಸ್ಪ್ರಿಂಗ್‌ನಿಂದ ಹಿಡಿದು ಎಲ್ಲ ಮತ್ತೆ ಹೊಂದಿಸಬೇಕು. ಯಾವುದೇ ಬದಲಾವಣೆ ಮಾಡಿದರೂ ಇನ್ಶೂರೆನ್ಸ್‌ನವರಿಗೆ ಮೊದಲೇ ತಿಳಿಸಿ, ಇಲ್ಲವಾದರೆ ಕ್ಲೇಮ್ ತಿರಸ್ಕರಿಸಲು ಅದೇ ನೆಪ ಸಾಕು.

ಟ್ರ್ಯಾಕ್ ಟೈರು ಹಾಕುವ ಯೋಚನೆ ಇದ್ದರೆ ಸಂಪ್ ಇಳಿಸಿದಾಗಲೇ ಬ್ಯಾಫಲ್ (ಎಣ್ಣೆ ಸರಿಯದಂತೆ ತಡೆಯುವ ತಟ್ಟೆ) ಹಾಕಿಬಿಡಿ. ಉದ್ದನೆಯ ತಿರುವಿನಲ್ಲಿ ಎಣ್ಣೆಯೆಲ್ಲ ಒಂದು ಮೂಲೆಗೆ ಸರಿದು ಎಣ್ಣೆ ಹೀರುವ ಪಿಕ್‌ಅಪ್ ಗಾಳಿ ಎಳೆದರೆ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ಸರಳು ಕ್ರ್ಯಾಂಕ್‌ಗೆ ಸೇರುವಲ್ಲಿನದು) ಹೋಗಲು ಕೆಲವೇ ಸೆಕೆಂಡು ಸಾಕು.