ಗಲಾಟೆಯ ಊರಲ್ಲಿ ಒಂದು ಜೋಗುಳ

ಊರು ಹೊತ್ತಿ ಉರಿದ ದಿನದ ಬಗ್ಗೆ ಪದ್ಯ ಬರೆಯಲು ಕೂತರೆ ಮೊದಲು ಕೈಗೆ ಬರುವುದು ಬೆಂಕಿ, ಹೊಗೆ, ರಕ್ತ. ಆ ಪದಗಳನ್ನು ನಾನು ಮುಟ್ಟಲಿಲ್ಲ. ಟಿವಿಯವರು ಅವನ್ನು ಆಗಲೇ ಸವೆಸಿಬಿಟ್ಟಿದ್ದರು.

2016ರ ಸೆಪ್ಟೆಂಬರ್ 12ರ ಮಾತು. ತಮಿಳುನಾಡಿಗೆ 20ರವರೆಗೆ 12 ಸಾವಿರ ಕ್ಯೂಸೆಕ್‌ನಂತೆ ಕಾವೇರಿ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಬೆಂಗಳೂರಲ್ಲಿ ಟಿಎನ್ ನಂಬರಿನ ಬಸ್ಸು, ಲಾರಿಗಳನ್ನು ಸುಟ್ಟರು. ಹೆಗ್ಗನಹಳ್ಳಿಯಲ್ಲಿ ಗೋಲಿಬಾರ್ ಆಗಿ ಒಬ್ಬ ಸತ್ತ. ರಾತ್ರಿ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ನಮ್ಮ ಬೀದಿಯೂ ಅದರೊಳಗೇ ಇತ್ತು.

ಕೆಳಗಿನ ಮನೆಯವರು ತಮಿಳರು. ಆ ರಾತ್ರಿ ಅಲ್ಲಿನ ಅಕ್ಕ ಮಗುವಿಗೆ ‘ಆರಾರೋ’ ಹಾಡುತ್ತಿದ್ದರು. ಜೋಗುಳವನ್ನು ಯಾರೂ ಕೂಗಿ ಹಾಡುವುದಿಲ್ಲ, ಅಲ್ವಾ? ಆದರೆ ಅವರು ದಿನಕ್ಕಿಂತ ಮೆಲ್ಲಗೆ ಹಾಡುತ್ತಿದ್ದರು. ಮಗು ಮಲಗಲಿ ಅಂತಲೋ, ಬೀದಿಗೆ ಕೇಳದಿರಲಿ ಅಂತಲೋ? ಎರಡೂ ಒಂದೇ ದನಿಯಲ್ಲಿತ್ತು. ನನಗೆ ಪದ್ಯ ಸಿಕ್ಕಿದ್ದು ಅಲ್ಲಿ.

ಪದ್ಯದ ಒಂದು ನುಡಿಯಲ್ಲಿ (ಚರಣದಲ್ಲಿ) ಪ್ರೀತಿ, ಮುಂದಿನದರಲ್ಲಿ ಭಯ ಅಂತ ಹಂಚಿಟ್ಟರೆ ಶಾಲೆಯ ಪ್ರಬಂಧ ಆಗುತ್ತದೆ. ಹಾಗಾಗಿ ಪದ್ಯದಲ್ಲಿ ‘ಆದರೆ’ ಅನ್ನುವ ಪದವೇ ಬೇಡ ಅಂತ ಮೊದಲೇ ಗಟ್ಟಿ ಮಾಡಿಕೊಂಡೆ. ಮಾತ್ರೆ ಅಂದರೆ ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆ. ಜೋಗುಳಕ್ಕೆ ಒಗ್ಗುವ ನಾಲ್ಕು ಮಾತ್ರೆಯ ನಡಿಗೆ ಹಿಡಿದೆ:

ಮಲಗೋ ಕಂದಾ, ಬಾಗಿಲ ಹಾಕಿದೆ
ಸ್ಕೂಟರ್ ನಂಬರ್ ಪ್ಲೇಟಿಗೆ ಮಣ್ಣು

ಮೊದಲ ಸಾಲು ತೊಟ್ಟಿಲಿನಂತೆ ತೂಗುತ್ತದೆ: ನಾಲ್ಕು, ನಾಲ್ಕು, ನಾಲ್ಕು, ನಾಲ್ಕು. ಎರಡನೆಯದರ ಕೊನೆಗೆ ಒಂದು ಮಾತ್ರೆ ಕಡಿಮೆ. ಸಾಲಿನ ತುದಿಯ ಅಕ್ಷರವನ್ನು ಎಳೆದು ಗುರು (ಎರಡು ಮಾತ್ರೆಯ ಅಕ್ಷರ) ಮಾಡಬಹುದು, ಛಂದಸ್ಸು ಒಪ್ಪುತ್ತದೆ. ನಾನು ಎಳೆಯಲಿಲ್ಲ. ಓದುವಾಗಲೂ ‘ಮಣ್ಣು’ ಅಂತ ಗಕ್ಕನೆ ನಿಲ್ಲಿಸುತ್ತೇನೆ. ಕೇಳುವವರ ಕಿವಿ ಆ ಮಾತ್ರೆಗೆ ಕಾಯುತ್ತದೆ, ಅದು ಬರುವುದಿಲ್ಲ. ಭಯದ ಬಗ್ಗೆ ನಾನು ಹೇಳಿದ್ದು ಅಷ್ಟೇ. ಪ್ಲೇಟಿಗೆ ಕೆಸರು ಮೆತ್ತಿದ್ದು ಆ ಕೆಳಗಿನ ಮನೆಯವರೇ. ಅದನ್ನು ಸುಮ್ನೆ ಇಟ್ಟಿದ್ದೇನೆ, ವಿವರಿಸಿಲ್ಲ.

ಮಾರನೇ ದಿನ ಬಕ್ರೀದ್. ಬಿಕೋ ಅನ್ನುತ್ತಿದ್ದ ಬೀದಿಯಲ್ಲಿ ಹೊಸ ಬಟ್ಟೆ ತೊಟ್ಟ ಮಕ್ಕಳಿದ್ದರು. ಅದರ ಮೇಲೂ ಒಂದು ನುಡಿ ಬರೆದೆ. ಚೆನ್ನಾಗಿಯೇ ಬಂತು, ಆದರೂ ತೆಗೆದೆ. ಕಣ್ಣಿಗೆ ಹಬ್ಬವೇ ಹೊರತು ಅದರಲ್ಲಿ ಅಳುಕು ಇರಲಿಲ್ಲ.

ಒಂದು ಕವಿಗೋಷ್ಠಿಯಲ್ಲಿ ಇದನ್ನು ಓದಿದಾಗ ಹಿರಿಯರೊಬ್ಬರು, “ಎಲ್ಲಾ ಸರಿ, ಮಂಡ್ಯದ ರೈತ ಎಲ್ಲಿ ಹೋದ?” ಅಂದರು. ಕೇಳಬೇಕಾದ ಪ್ರಶ್ನೆಯೇ. ಆ ವರ್ಷ ಕೆಆರ್‌ಎಸ್ ತುಂಬಿರಲಿಲ್ಲ. ಅವನನ್ನು ಈ ಜೋಗುಳದೊಳಗೆ ತುರುಕಿದ್ದರೆ ಇಬ್ಬರಿಗೂ ಜಾಗ ಸಾಲುತ್ತಿರಲಿಲ್ಲ. ನಾಲೆಯ ಬದುವಿನ ಮೇಲೆ ನೀರು ಕಾಯುವವನಿಗೆ ಬೇರೆ ಪದ್ಯವೇ ಬೇಕು. ಭಾಮಿನಿ ಷಟ್ಪದಿಯ ಮೂರು–ನಾಲ್ಕು ಮಾತ್ರೆಯ ನಡಿಗೆಯಲ್ಲಿ ಅದನ್ನು ಶುರು ಮಾಡಿದ್ದೇನೆ. ಇನ್ನೂ ಕೂಡಿ ಬಂದಿಲ್ಲ.