ಫ್ಯಾಟ್ ಇಳಿದದ್ದು ಹಸುವಿನ ಸಹಜವೋ, ಮೇವಿನ ತಪ್ಪೋ? ಕಂಡುಕೊಳ್ಳುವುದು ಹೀಗೆ

ಕರು ಹಾಕಿ ಎರಡು ತಿಂಗಳಾಗುವಷ್ಟರಲ್ಲಿ ಹಾಲು ಏರುತ್ತದೆ, ಡೇರಿ ಚೀಟಿಯಲ್ಲಿ ಫ್ಯಾಟ್, ಅಂದರೆ ಹಾಲಿನಲ್ಲಿರುವ ಜಿಡ್ಡಿನ ಶೇಕಡಾ ಪ್ರಮಾಣ, ಇಳಿಯುತ್ತದೆ. ಡೇರಿಯ ಯಂತ್ರದ ಮೇಲೆ ಅನುಮಾನ ಬರುವುದೂ, ಹಿಂಡಿ ಬದಲಿಸುವುದೂ ಆಗಲೇ. ಹೆಚ್ಚಿನ ಸಲ ಎರಡೂ ಬೇಡದ ಕೆಲಸ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯಲ್ಲಿ ಹಾಲು ತುದಿ ಮುಟ್ಟುವುದು 6ರಿಂದ 8ನೇ ವಾರದಲ್ಲಿ. ಫ್ಯಾಟ್ ತಳ ಕಾಣುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮುಂದೆ ಹಾಲು ಕಡಿಮೆಯಾದಂತೆ ಫ್ಯಾಟ್ ನಿಧಾನಕ್ಕೆ ಏರುತ್ತದೆ.

ಹಾಗಾಗಿ ಶೇಕಡಾವಾರು ನೋಡಿ ಗಾಬರಿಯಾಗುವ ಮೊದಲು ಗ್ರಾಂ ಲೆಕ್ಕ ಹಾಕಿ. ಎರಡನೇ ತಿಂಗಳಲ್ಲಿ 18 ಲೀಟರ್ ಹಾಲಿಗೆ 3.4 ಫ್ಯಾಟ್ ಬಂದರೆ ದಿನಕ್ಕೆ ಸುಮಾರು 612 ಗ್ರಾಂ ಜಿಡ್ಡು. ಎಂಟನೇ ತಿಂಗಳಲ್ಲಿ 9 ಲೀಟರಿಗೆ 4.2 ಬಂದರೂ 378 ಗ್ರಾಂ ಅಷ್ಟೇ.

ಮೊದಲ ಕೆಲಸ, ಕರು ಹಾಕಿದ ದಿನಾಂಕ ಬರೆದಿಡುವುದು. ಮೊದಲ 4-5 ದಿನದ ಗಿಣ್ಣು ಹಾಲು ಕರುವಿಗೆ, ಮನೆಗೆ; ಅದು ಡೇರಿಗೂ ಬೇಡ, ಲೆಕ್ಕಕ್ಕೂ ಬೇಡ. ಅನಂತರ 15 ದಿನಕ್ಕೊಮ್ಮೆ, ಒಂದೇ ಹಸುವಿನ ಎರಡು ಹೊತ್ತಿನ ಹಾಲನ್ನೂ ಪರೀಕ್ಷಿಸಿ. ಬೆಳಿಗ್ಗೆ 5ಕ್ಕೆ, ಸಂಜೆ 4ಕ್ಕೆ ಕರೆಯುವ ಮನೆಯಲ್ಲಿ ರಾತ್ರಿಯ ಅಂತರ 13 ಗಂಟೆ, ಹಗಲಿನದು 11. ಅಂತರ ಹೆಚ್ಚಿದಷ್ಟೂ ಹಾಲು ಹೆಚ್ಚು, ಫ್ಯಾಟ್ ಕಡಿಮೆ. ಬೆಳಿಗ್ಗೆ 8 ಲೀಟರಿಗೆ 3.2, ಸಂಜೆ 6 ಲೀಟರಿಗೆ 4.0 ಬಂತೆನ್ನಿ: 256ಕ್ಕೆ 240 ಗ್ರಾಂ ಕೂಡಿಸಿ 14ರಿಂದ ಭಾಗಿಸಿದರೆ ಲೀಟರಿಗೆ 35.4 ಗ್ರಾಂ, ಅಂದರೆ 3.54. ಎರಡು ಅಂಕಿ ಕೂಡಿಸಿ ಅರ್ಧ ಮಾಡಿದರೆ 3.6 ಎಂದು ತಪ್ಪು ಉತ್ತರ ಬರುತ್ತದೆ.

ಸ್ಯಾಂಪಲ್ ತೆಗೆಯುವಲ್ಲೇ ಹೆಚ್ಚು ಎಡವಟ್ಟು. ಒಂದೇ ಮೊಲೆಯಿಂದ ಮೊದಲ ಲೋಟ, ಕೊನೆಯ ಲೋಟ ಬೇರೆಬೇರೆ ಹಿಡಿದು ನೋಡಿ: ಮೊದಲನೆಯದು 1-2 ಫ್ಯಾಟ್ ತೋರಿಸಬಹುದು, ಕೊನೆಯದು 6 ದಾಟಬಹುದು. ಕೊನೆಯ ಹಾಲನ್ನು ಕರುವಿಗೆ ಬಿಟ್ಟವರು ಬೆಣ್ಣೆಯನ್ನೇ ಬಿಟ್ಟ ಹಾಗೆ. (ಕರುವಿಗೆ ಹಾಲು ಬೇಕೇ ಬೇಕು, ಮೊದಲ ಹಾಲು ಕುಡಿಸಿ, ಕೊನೆಯದನ್ನು ಕರೆದುಕೊಳ್ಳಿ.) ಪೂರ್ತಿ ಕರೆದ ಹಾಲನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮೂರ್ನಾಲ್ಕು ಸಲ ಸುರಿದು, ನೊರೆ ಇಳಿದ ಮೇಲೆ ಒಳಗಿನಿಂದ 50 ಮಿಲಿ ತೆಗೆಯಿರಿ. ಅರ್ಧ ಗಂಟೆ ಸುಮ್ಮನೆ ಇಟ್ಟ ಕ್ಯಾನಿನ ಮೇಲ್ಭಾಗದಿಂದ ತೆಗೆದದ್ದು ಕೆನೆ, ಸ್ಯಾಂಪಲ್ ಅಲ್ಲ.

ಇಷ್ಟೆಲ್ಲ ಸರಿಯಿದ್ದೂ ಫ್ಯಾಟ್ ಆಹಾರ ಸುರಕ್ಷತಾ ಪ್ರಾಧಿಕಾರದ ಕನಿಷ್ಠ ಮಿತಿಯಾದ 3.2ಕ್ಕಿಂತ ಕೆಳಗಿದ್ದರೆ, ಅಥವಾ ಐದನೇ ತಿಂಗಳಲ್ಲೂ ಏರದಿದ್ದರೆ, ಗೋದಲಿಯತ್ತ ನೋಡಿ. ನಾರು ಹಸುವಿನ ಹೊಟ್ಟೆಯಲ್ಲಿ ಹುದುಗಿ ಅಸಿಟಿಕ್ ಆಮ್ಲವಾಗುತ್ತದೆ. ಕೆಚ್ಚಲು ಜಿಡ್ಡು ಕಟ್ಟುವುದರಲ್ಲಿ ಅದರ ಪಾಲು ದೊಡ್ಡದು. ಎಳೆ ಹಸಿರು ಹುಲ್ಲು, ಮುಸುಕಿನ ಜೋಳದ ನುಚ್ಚು ಧಾರಾಳ, ಒಣಮೇವು ಇಲ್ಲ ಎಂದರೆ ಹೊಟ್ಟೆ ಹುಳಿಯಾಗುತ್ತದೆ, ಸಗಣಿ ನೀರಾಗುತ್ತದೆ, ಮೆಲುಕು ಕಡಿಮೆಯಾಗುತ್ತದೆ. ದಿನಕ್ಕೆ 4-5 ಕೆಜಿ ರಾಗಿ ಹುಲ್ಲು ಅಥವಾ ಜೋಳದ ಸೊಪ್ಪೆ ಕೊಡಿ. ಪುಡಿ ಮಾಡಬೇಡಿ, ಒಂದೆರಡು ಇಂಚಿನ ತುಂಡು ಸಾಕು. ಪಶು ಆಹಾರ ಒಂದು ಸಲಕ್ಕೆ ಎರಡೂವರೆ ಕೆಜಿ ಮೀರದಂತೆ ಹಂಚಿ, ಅದರ ಜೊತೆ ದಿನಕ್ಕೆ 100ರಿಂದ 150 ಗ್ರಾಂ ಅಡುಗೆ ಸೋಡಾ ಬೆರೆಸಿ. ಫ್ಯಾಟ್ ಬರಲೆಂದು ಎಣ್ಣೆ ಕುಡಿಸುವವರಿದ್ದಾರೆ. ಅತಿಯಾದ ಎಣ್ಣೆ ನಾರು ಕರಗಿಸುವ ಸೂಕ್ಷ್ಮಜೀವಿಗಳನ್ನೇ ಕೆಡಿಸಿ ಫ್ಯಾಟನ್ನು ಇನ್ನೂ ಇಳಿಸುತ್ತದೆ.

ಉಲ್ಟಾ ಪ್ರಕರಣವೂ ಉಂಟು. ಕರು ಹಾಕಿದ ಎರಡು-ಮೂರನೇ ವಾರದಲ್ಲಿ ಫ್ಯಾಟ್ 5 ದಾಟಿ, ಹಸು ಬೇಗಬೇಗ ಸೊರಗಿ, ಹಿಂಡಿ ಮೂಸಿ ಬಿಡುತ್ತಿದ್ದರೆ ಅದು ಖುಷಿಪಡುವ ಅಂಕಿಯಲ್ಲ. ಮೈಯ ಕೊಬ್ಬು ಕರಗಿ ಹಾಲಿಗೆ ಇಳಿಯುತ್ತಿದೆ. ಹೀಗೆ ಕೊಬ್ಬು ಕರಗಿ ಬರುವ ಕೀಟೋಸಿಸ್ ಎಂಬ ಕಾಯಿಲೆ ಇರಬಹುದು, ಅದೇ ದಿನ ಪಶುವೈದ್ಯರನ್ನು ಕರೆಸಿ.

ಗಬ್ಬ ಏಳು ತಿಂಗಳಾದಾಗ, ಅಂದರೆ ಮುಂದಿನ ಕರುವಿಗೆ 60 ದಿನ ಇರುವಾಗ, ಹಾಲು ಬತ್ತಿಸಿ. ಆಗ ಫ್ಯಾಟ್ ಚೆನ್ನಾಗಿಯೇ ಇರುತ್ತದೆ, ಇನ್ನೊಂದು ತಿಂಗಳು ಕರೆಯೋಣ ಎನಿಸುತ್ತದೆ. ಬೇಡ: ಕೆಚ್ಚಲಿಗೆ ಬಿಡುವು ಸಿಗದಿದ್ದರೆ ಮುಂದಿನ ಸೂಲಿನ ಹಾಲೇ ಕುಸಿಯುತ್ತದೆ, ಕೊನೆಕೊನೆಯ ಹಾಲು ನಾಲಿಗೆಗೆ ಉಪ್ಪುಪ್ಪಾಗಿಯೂ ಇರುತ್ತದೆ.