ವಿಡಿಯೊದಿಂದ ಫೋಟೊ ತೆಗೆಯುವ ಮುನ್ನ

ಮದುವೆಯ ವಿಡಿಯೊವನ್ನು ಧಾರೆಯ ಕ್ಷಣದಲ್ಲಿ ನಿಲ್ಲಿಸಿ ನೋಡಿದರೆ, ಓಡುವಾಗ ಸ್ಪಷ್ಟವಾಗಿ ಕಂಡಿದ್ದ ಅಕ್ಷತೆಯ ಕಾಳುಗಳು ಬರಿಯ ಗೆರೆಗಳಾಗಿರುತ್ತವೆ. ಚಲನೆ ಸಹಜವಾಗಿ ಕಾಣಲೆಂದು, ಸೆಕೆಂಡಿಗೆ 25 ಫ್ರೇಮ್‌ಗಳ ವಿಡಿಯೊವನ್ನು ಸಾಮಾನ್ಯವಾಗಿ 1/50 ಸೆಕೆಂಡಿನ ಶಟರ್ ವೇಗದಲ್ಲಿ (ಒಂದೊಂದು ಫ್ರೇಮ್‌ಗೆ, ಅಂದರೆ ಬಿಡಿ ಚಿತ್ರಕ್ಕೆ, ಬೆಳಕು ಬೀಳುವ ಅವಧಿ; ಅಷ್ಟರಲ್ಲಿ ಕಾಳು ಸರಿದುಬಿಡುತ್ತದೆ) ಚಿತ್ರೀಕರಿಸುವುದೇ ಇದಕ್ಕೆ ಕಾರಣ. ಸ್ಟಿಲ್ ಕ್ಯಾಮೆರಾದಲ್ಲಾದರೆ ವೇಗವನ್ನು 1/500ಕ್ಕೆ ಏರಿಸಿ ಅದೇ ಕಾಳುಗಳನ್ನು ಗಾಳಿಯಲ್ಲೇ ಹಿಡಿಯಬಹುದು.

ಫುಲ್ ಎಚ್‌ಡಿ ಫ್ರೇಮ್‌ನ ಅಳತೆ 1920×1080, ಅಂದರೆ ಸುಮಾರು 2 ಮೆಗಾಪಿಕ್ಸೆಲ್. ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ ಅಗಲ ಆರೂವರೆ ಇಂಚನ್ನೂ ಮುಟ್ಟುವುದಿಲ್ಲ. 4ಕೆ ಫ್ರೇಮ್‌ನಲ್ಲಿ ಸುಮಾರು 8 ಮೆಗಾಪಿಕ್ಸೆಲ್ ಇರುವುದರಿಂದ ಆಲ್ಬಮ್ಮಿಗೆ ಸಾಲುತ್ತದೆ. ಆದರೂ ವಿಡಿಯೊ ಫೈಲನ್ನು ಬಹಳವಾಗಿ ಕುಗ್ಗಿಸಿರುವ ಕಾರಣ ಕೂದಲು, ಸೀರೆಯ ಜರಿಯಂಚಿನಂಥ ನವಿರಾದ ವಿವರಗಳು ಕಲಸಿಹೋಗಿರುವುದುಂಟು. ಹಾಗಾಗಿ ಗೋಡೆಗೆ ಹಾಕುವ ಹಿರಿಯರ ಫೋಟೊವನ್ನು ಸ್ಟಿಲ್ ಕ್ಯಾಮೆರಾದಲ್ಲೇ ತೆಗೆಯಬೇಕೆಂಬುದು ನನ್ನ ದೃಢ ಅಭಿಪ್ರಾಯ.

ವಿಡಿಯೊವೇ ಗತಿಯಾದರೆ, ಬೆಳಕನ್ನು ಹೆಚ್ಚಿಸಿ, ಶಟರ್ ವೇಗವನ್ನು 1/200ರ ಆಸುಪಾಸಿಗೆ ಏರಿಸಿ 4ಕೆಯಲ್ಲಿ ಚಿತ್ರೀಕರಿಸಿ. ಬಳಿಕ ಎಡಿಟಿಂಗ್ ತಂತ್ರಾಂಶದಲ್ಲಿ ಒಂದೊಂದೇ ಫ್ರೇಮ್ ಸರಿಸುತ್ತ, ಮುಖ ಅಲುಗದೆ ಕಣ್ಣು ತೆರೆದಿರುವ ಫ್ರೇಮನ್ನು ಆರಿಸಿ, ಸ್ಕ್ರೀನ್‌ಶಾಟ್ ತೆಗೆಯದೆ, ಮೂಲ ಗಾತ್ರದಲ್ಲಿಯೇ ಎಕ್ಸ್‌ಪೋರ್ಟ್ ಮಾಡಿ. ಹಳೆಯ ಮಿನಿ ಡಿವಿ ಟೇಪಿನ ಫ್ರೇಮ್‌ನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಂಡರೆ, ಮೊದಲು ತಂತ್ರಾಂಶದಲ್ಲಿ ಡಿಇಂಟರ್‌ಲೇಸ್ ಮಾಡಬೇಕು, ಅಂದರೆ ಒಂದೇ ಫ್ರೇಮ್‌ನಲ್ಲಿ ಸಾಲು ಬಿಟ್ಟು ಸಾಲಾಗಿ ಹೆಣೆದಿರುವ ಎರಡು ಕ್ಷಣಗಳನ್ನು ಬೇರ್ಪಡಿಸಬೇಕು.